ಹನ್ನೊಂದು ಸಾಲು

ಮೊಸರನ್ನದ ಮೇಲೆ ತೆಳ್ಳಗೆ ಪದರ ಕಟ್ಟುವವರೆಗೂ ಶಾಂತಪ್ಪ ಕೈ ಒರೆಸುವ ಕಾಗದದ ಮೇಲೆ ಭಾಗಾಕಾರ ಮಾಡುತ್ತಲೇ ಇದ್ದ. ನಾಲ್ಕನೆಯ ಸಲವೂ ಅದೇ ಉತ್ತರ ಬಂತು. ಇಪ್ಪತ್ನಾಲ್ಕು ದಿನ, ಇಪ್ಪತ್ತು ಗಂಟೆ, ಮೂವತ್ತೊಂದು ನಿಮಿಷ. ಸೆಕೆಂಡುಗಳನ್ನು ಅವನು ಬರೆಯಲಿಲ್ಲ. ಬರೆದರೆ ಅವು ಅಲ್ಲೇ ಓಡಲು ಶುರುಮಾಡುತ್ತವೆ ಎಂಬ ದಿಗಿಲು. ಕಳೆದ ಅಮಾವಾಸ್ಯೆಯ ಸಂಜೆ ಏಳೂವರೆಗೆ, ಸನತ್‌ನಗರದ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ, ಅವನ ಅಪ್ಪ ಅಮೃತಪ್ಪ ಪ್ಯಾನೆಲ್ ಪೆಟ್ಟಿಗೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಸ್ವಿಚ್ಚು ಹಾಕಿದ್ದ. ಅಲ್ಲಿಂದ ಎಣಿಸಿದರೆ ಇವತ್ತು ಮಧ್ಯಾಹ್ನ ನಾಲ್ಕು ಗಂಟೆ ಒಂದು ನಿಮಿಷ. ಗಚ್ಚಿಬೌಲಿಯ ಆಫೀಸಿನ ಆರನೆಯ ಮಹಡಿಯ ಕ್ಯಾಂಟೀನಿನಲ್ಲಿ ಗೋಡೆ ಗಡಿಯಾರ ಎರಡಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ಅಪ್ಪನಿಗೆ ಎರಡು ಸಲ ಫೋನು ಮಾಡಿದ್ದ. ಗೋಡೆಯ ಮೊಳೆಗೆ ತೂಗುಹಾಕಿದ ಬುತ್ತಿಚೀಲದೊಳಗೆ ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗಿರಬೇಕು. ಬಾಯ್ಲರಿನ ಗದ್ದಲದಲ್ಲಿ ಅಪ್ಪನಿಗೆ ಪಕ್ಕದವನ ಕೂಗೇ ಕೇಳಿಸುವುದಿಲ್ಲ.

ಮೇಜು ಒರೆಸುವ ಗಂಗೂಬಾಯಿ ಒದ್ದೆ ಬಟ್ಟೆ ಹಿಡಿದು ಬಂದು ನಿಂತಳು. "ಉಣ್ಣು, ಇಲ್ಲಾ ಬಿಡು ತಮ್ಮಾ. ಮುಂದಿಟ್ಕೊಂಡು ಲೆಕ್ಕಾ ಮಾಡಿದ್ರ ಮೊಸರನ್ನ ಹೆಚ್ಚಾಗ್ತೈತೇನು?" ಬೀದರಿನ ಕಡೆಯವಳು; ಈ ಗಾಜಿನ ಕಟ್ಟಡದಲ್ಲಿ ಅವನೊಡನೆ ಮನೆಯ ಮಾತಾಡುವ ಇಬ್ಬರಲ್ಲಿ ಒಬ್ಬಳು. ಅವನು ಕಾಗದವನ್ನು ಮುದ್ದೆ ಮಾಡಿ ಜೇಬಿಗೆ ತುರುಕಿದ. ಕಳ್ಳತನ ಮಾಡಿದವನ ಹಾಗೆ ಬಚ್ಚಿಟ್ಟದ್ದನ್ನು ಅವಳು ಕಂಡಳೆಂದುಕೊಂಡು ಅವಳ ಮೇಲೂ ಸಿಟ್ಟು ಬಂತು.

ಸಿಟ್ಟು ಅವನಿಗೆ ಹೊಸದಲ್ಲ. ಡಿಪ್ಲೊಮಾ ಎರಡನೆಯ ವರ್ಷಕ್ಕೆ ಬಿಟ್ಟವನು. ಅಮೀರ್‌ಪೇಟಿನ ಒಂದು ಸಂದಿಯ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರುಗಳ ಧೂಳು ಒರೆಸುತ್ತ, ಫೀಸು ಕಟ್ಟಿದವರ ಬೆನ್ನ ಹಿಂದೆ ನಿಂತು ಪಾಠ ಕೇಳುತ್ತ ಕಲಿತವನು. ಆಮೇಲೆ ಕಾಂಟ್ರಾಕ್ಟಿನ ಮೇಲೆ ಇಲ್ಲಿಗೆ ಬಂದ. ಎಲ್ಲರ ಕೊರಳಲ್ಲಿ ಐಡಿ ಕಾರ್ಡಿನ ನೀಲಿ ಪಟ್ಟಿಯಾದರೆ ಅವನ ಕೊರಳಲ್ಲಿ ಕಿತ್ತಳೆ ಪಟ್ಟಿ. ಕಿತ್ತಳೆಯವರು ಊಟದ ಹೊತ್ತಿನಲ್ಲಿ ಮೊದಲ ಲಿಫ್ಟು ಹತ್ತುವಂತಿಲ್ಲ ಎಂದು ಯಾರೂ ಬರೆದಿರಲಿಲ್ಲ, ಆದರೂ ಹತ್ತಿದರೆ ಒಳಗಿದ್ದವರು ಒಮ್ಮೆ ಪಟ್ಟಿಯ ಕಡೆಗೂ ಒಮ್ಮೆ ಮುಖದ ಕಡೆಗೂ ನೋಡುತ್ತಿದ್ದರು. ಆ ನೋಟಕ್ಕೆ ಉತ್ತರವೆಂದೇ ಅವನು ಆ ಹನ್ನೊಂದು ಸಾಲು ಬರೆದದ್ದು. ಕಂಪನಿ ಬಾಯ್ಲರುಗಳನ್ನು ನಡೆಸುವ ಪ್ಯಾನೆಲ್ ಮಾಡುತ್ತಿತ್ತು. ಪ್ಯಾನೆಲ್ಲಿನ ಹೊಟ್ಟೆಯಲ್ಲಿ ಕರ್ನಲ್, ಇಡೀ ಯಂತ್ರದ ಮೇಲೆ ಹಿಡಿತವಿರುವ ಮೂಲ ಪ್ರೋಗ್ರಾಮು. ಬೆಂಕಿ ಹಚ್ಚುವ ಆರಿಸುವ ಪ್ರೋಗ್ರಾಮಿಗೆ ಕರ್ನಲ್ಲಿನ ಒಳಗೆ ಕಾಲಿಡುವ ಹಕ್ಕಿಲ್ಲ. ಏನು ಬೇಕಾದರೂ ಹೊಸ್ತಿಲಾಚೆ ನಿಂತು ಕೇಳಬೇಕು. ಒತ್ತಡ ಎಷ್ಟು? ನೀರು ಎಷ್ಟು? ಚಾಲೂ ಆಗಿ ಎಷ್ಟು ಹೊತ್ತಾಯಿತು? ಕರ್ನಲ್ ಒಳಗೆ ಹೋಗಿ, ಉತ್ತರ ತಂದು, ಹೊಸ್ತಿಲ ಮೇಲಿಟ್ಟು ಬಾಗಿಲು ಹಾಕಿಕೊಳ್ಳುತ್ತದೆ. ಉತ್ತರ ತಂದಿಡುವ ಆ ಕೊನೆಯ ಗಳಿಗೆಯ ಕೋಡು, ತಂಡದ ಹಿರಿಯ ಜಯತೀರ್ಥ ಎಂಟು ವರ್ಷದ ಹಿಂದೆ ಬರೆದದ್ದು, ಅರವತ್ತೆರಡು ಸಾಲಿತ್ತು. ಅದರಲ್ಲಿ ಪ್ರತಿ ಉತ್ತರದ ಜೊತೆಗೆ ಬೇರೆಯಾಗಿ ಇನ್ನೊಂದು ಗುರುತು ಬರುತ್ತಿತ್ತು: ಇದು ಸರಿಯಾದ ಉತ್ತರವೋ, ಕೆಲಸ ಕೆಟ್ಟಿತೋ ಎಂದು. ಇಷ್ಟು ಚಿಕ್ಕ ಮಾತಿಗೆ ಎರಡೆರಡು ಯಾಕೆ? ಶಾಂತಪ್ಪ ಗುರುತನ್ನು ಕಿತ್ತೆಸೆದ. ಉತ್ತರದ ಅಂಕಿ ಸೊನ್ನೆಗಿಂತ ಕೆಳಗಿದ್ದರೆ ಕೆಲಸ ಕೆಟ್ಟಿತೆಂದು ತಿಳಿ, ಇಲ್ಲದಿದ್ದರೆ ಅದೇ ಉತ್ತರ. ಅರವತ್ತೆರಡು ಹೋಗಿ ಹನ್ನೊಂದು. ಪ್ಯಾನೆಲ್ ಮೊದಲಿಗಿಂತ ಚುರುಕಾಯಿತು. ಅವರ ಮೇಲಿನ ಅಧಿಕಾರಿ ಸುಹಾಸಿನಿ ಮೇಡಂ ಇಡೀ ಮಹಡಿಗೆ ಮೇಲ್ ಕಳಿಸಿ ಅವನ ಹೆಸರು ಹೇಳಿದರು.

ಅವತ್ತಿನ ಮೀಟಿಂಗಿನಲ್ಲಿ ಜಯತೀರ್ಥ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸುತ್ತ, ಎಲ್ಲರೆದುರು ಇಂಗ್ಲಿಷಿನಲ್ಲಿ ಹೇಳಲಾರದೆ ಅವನಿಗಷ್ಟೇ ತಿಳಿಯುವಂತೆ ಕನ್ನಡದಲ್ಲಿ ಹೇಳಿದ್ದರು. "ಆ ಗುರುತು ಒಂದು ಇರ್ಲಿ ಬಿಡೋ. ಯಾಕ ಇಟ್ಟಿದ್ದೆ ಅಂತ ನನಗೂ ಈಗ ನೆನಪಿಲ್ಲ. ಆದ್ರ ಏನೋ ಕಾರಣಕ್ಕ ಇಟ್ಟಿದ್ದೆ." ಶಾಂತಪ್ಪ ಅದನ್ನು ಹಾಗೆಯೇ ಬಿಡಬಹುದಾಗಿತ್ತು. ಬಿಡಲಿಲ್ಲ. ಎಲ್ಲರಿಗೂ ತಿಳಿಯುವ ಹಿಂದಿಗೆ ತಿರುಗಿಸಿ, ಸಾರ್‌ಗೆ ನೆನಪಿಲ್ಲವಂತೆ, ಮನೆಯಲ್ಲಿ ಕಡ್ಡಿ ಮುರಿದ ಛತ್ರಿ ಎಸೆಯದೆ ಇಟ್ಟುಕೊಳ್ಳುವವರ ಹಾಗೆ ಇದನ್ನೂ ಇಟ್ಟುಕೊಂಡಿದ್ದಾರಂತೆ ಎಂದ. ಕೋಣೆಯೆಲ್ಲ ನಕ್ಕಿತು. ನೀಲಿ ಪಟ್ಟಿಗಳೆಲ್ಲ ಅವನ ಮಾತಿಗೆ ನಕ್ಕದ್ದು ಅದೇ ಮೊದಲು. ಜಯತೀರ್ಥರೂ ನಕ್ಕರು, ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಸ್ವಲ್ಪ ಹೊತ್ತು ಹೆಚ್ಚು. ಆ ಹೆಚ್ಚಿನ ನಗು ಇವತ್ತು ಬೆಳಗಿನಿಂದ ಶಾಂತಪ್ಪನ ಕಿವಿಯಲ್ಲಿ ಕೂತಿತ್ತು. ಯಾಕೆಂದರೆ ಬೆಳಿಗ್ಗೆ ಪರೀಕ್ಷೆಯ ಕೋಣೆಯಲ್ಲಿ ಯಾರೂ ಇಲ್ಲದಾಗ ಅವನು ಒಂದು ಪ್ಯಾನೆಲ್ಲಿನ ಗಡಿಯಾರವನ್ನು ಕೈಯಾರೆ ಮುಂದಕ್ಕೆ ತಳ್ಳಿ ನೋಡಿದ್ದ. ಪ್ಯಾನೆಲ್ ಚಾಲೂ ಆದಾಗಿನಿಂದ ಸೆಕೆಂಡಿನ ಸಾವಿರದಲ್ಲೊಂದು ಪಾಲುಗಳನ್ನು ಅದು ಎಣಿಸುತ್ತಾ ಹೋಗುತ್ತದೆ. ಆ ಅಂಕಿ ಬೆಳೆಯುತ್ತ ಬೆಳೆಯುತ್ತ, ತನ್ನ ಡಬ್ಬಿಯ ಅರ್ಧ ತುಂಬಿದೊಡನೆ, ಹೊರಗಿನಿಂದ ನೋಡುವವರಿಗೆ ಸೊನ್ನೆಗಿಂತ ಕೆಳಗಿನ ಅಂಕಿಯ ಹಾಗೆ ಕಾಣಿಸತೊಡಗುತ್ತದೆ. ಅಂಕಿ ಸರಿಯೇ ಇರುತ್ತದೆ, ತಪ್ಪಿನ ವೇಷದಲ್ಲಿರುತ್ತದೆ. ಜಯತೀರ್ಥರ ಗುರುತು ಇದ್ದಿದ್ದರೆ, ಇದು ಸರಿಯಾದ ಉತ್ತರವೇ ಎಂದು ಹೇಳುತ್ತಿತ್ತು. ಹನ್ನೊಂದು ಸಾಲಿಗೆ ಅದು ತಿಳಿಯಲಿಲ್ಲ. ಗಡಿಯಾರ ಕೆಟ್ಟಿದೆ ಎಂದು ಪ್ರೋಗ್ರಾಮಿಗೆ ಹೇಳಿತು. ಪ್ರೋಗ್ರಾಮು ಮತ್ತೆ ಕೇಳಿತು. ಕೆಟ್ಟಿದೆ. ಮತ್ತೆ ಕೇಳಿತು. ಕೆಟ್ಟಿದೆ. ಕೇಳುತ್ತಲೇ ನಿಂತುಬಿಟ್ಟಿತು. ಒತ್ತಡ ನೋಡುವುದನ್ನೂ ನೀರು ನೋಡುವುದನ್ನೂ ಬಿಟ್ಟು ಅದೊಂದನ್ನೇ ಕೇಳುತ್ತಿತ್ತು. ಬರ್ನರಿನ ಜಾಗದಲ್ಲಿ ಕೂರಿಸಿದ್ದ ಪುಟ್ಟ ಕೆಂಪು ದೀಪ, ಬೆಂಕಿ ಉರಿಯುತ್ತಿದೆ ಎಂದು ತೋರಿಸುವ ದೀಪ, ಉರಿಯುತ್ತಲೇ ಇತ್ತು. ಹತ್ತು ನಿಮಿಷ ಅವನು ಅದನ್ನೇ ನೋಡುತ್ತ ನಿಂತಿದ್ದ. ಅದು ಆರಲಿಲ್ಲ.

ಇದುವರೆಗೆ ಯಾಕೆ ಹೀಗಾಗಿರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ವಾರಕ್ಕೆ ಮೂರು ದಿನ ಕಾರ್ಖಾನೆಗಳಿಗೆ ಪವರ್ ಹಾಲಿಡೇ. ಕರೆಂಟು ಹೋಯಿತು, ಪ್ಯಾನೆಲ್ ಆರಿತು, ಜನರೇಟರು ಬಂತು, ಎಣಿಕೆ ಮತ್ತೆ ಸೊನ್ನೆಯಿಂದ. ಇಡೀ ಊರು ಬೈದುಕೊಳ್ಳುತ್ತಿದ್ದ ಕರೆಂಟಿನ ಕಾಟವೇ ಅವನ ತಪ್ಪನ್ನು ಇಷ್ಟು ದಿನ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿತ್ತು. ಮೊನ್ನೆ ಭಾನುವಾರ ಮನೆಗೆ ಹೋದಾಗ ಅಪ್ಪ ರೊಟ್ಟಿ ಮುರಿಯುತ್ತ ಹೇಳಿದ್ದ. "ಈಗ ಕರೆಂಟ್ ಹೋದ್ರೂ ನಿನ್ನ ಡಬ್ಬಿ ಆರೂದಿಲ್ಲ ನೋಡು ತಮ್ಮಾ. ಅಮಾಸಿ ದಿನ ಬ್ಯಾಟರಿ ಕುಂಡ್ರಿಸ್ಯಾರ. ಪೂಜಾ ಮಾಡಿ ಏಳೂವರಿಗೆ ನಾನ ಚಾಲೂ ಮಾಡೀನಿ." ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಅಮ್ಮನ ಕಡೆ ತಿರುಗಿ, "ಮೂವತ್ತು ವರ್ಷದಾಗ ಬಾಯ್ಲರ್ ಬಿಟ್ಟು ಹೊರಗ ಕುಂತು ಚಾ ಕುಡದಾಂವಲ್ಲ ನಾನು. ಈಗ ನಾಲ್ಕಕ್ಕ ಹೋಗ್ತೀನಿ, ಬೇವಿನ ಗಿಡದ ಕೆಳಗ ಕಾಲು ಚಾಚಿ ಕುಂಡ್ರತೀನಿ. ಒಳಗ ಮಗಾ ಅದಾನಲ್ಲ" ಎಂದು ನಕ್ಕಿದ್ದ. ಅಮ್ಮ ಶಿವದೇವಿ ಶೇಂಗಾ ಹಿಂಡಿ ಬಡಿಸುತ್ತ, "ಆ ಸೋರೂ ವಾಲ್ವ್ ಏನಾತು?" ಅಂದಳು. "ಸೇಫ್ಟಿ ವಾಲ್ವಾ? ಸೂಪರ್‌ವೈಸರ್ ಬಿಗಿ ಮಾಡಿ ಬಿಟ್ಟಾನ. ಹೊಸಾದು ಎರಡು ದಿನದಾಗ ಅಂದಿದ್ರು, ಎರಡು ತಿಂಗಳಾತು." ಒತ್ತಡ ಮೀರಿದರೆ ತಾನಾಗಿ ತೆರೆದು ಉಗಿಯನ್ನು ಹೊರಗೆ ಬಿಡಬೇಕಾದ ಕೊನೆಯ ಬಾಗಿಲು ಅದು. ಅಪ್ಪ ಹೇಳಿದ ಮೂರೂ ಮಾತು ಆಗ ಮೂರು ಬೇರೆ ಬೇರೆ ಮಾತಾಗಿದ್ದವು. ಇವತ್ತು ಬೆಳಿಗ್ಗೆ ಕೆಂಪು ದೀಪದ ಮುಂದೆ ನಿಂತಾಗ ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡವು.

ಮೂರು ಮೇಜಿನಾಚೆ ಜಯತೀರ್ಥರು ಸ್ಟೀಲಿನ ಡಬ್ಬಿ ತೊಳೆದು ತಂದು ಮುಚ್ಚಳ ಹಾಕುತ್ತಿದ್ದರು. ಎದ್ದು ಹೋಗಿ ಹೇಳಿದರೆ ಎರಡು ನಿಮಿಷದ ಕೆಲಸ. ಅವರ ಹತ್ತಿರ ಎಲ್ಲ ಕಾರ್ಖಾನೆಗಳ ಫೋನ್ ನಂಬರುಗಳಿವೆ. ಶಾಂತಪ್ಪ ಎದ್ದ, ಹೋದ, ಅವರ ಮುಂದೆ ನಿಂತ.

"ಏನಪಾ, ಹನ್ನೊಂದು ಸಾಲಿನ ಸರದಾರ," ಅಂದರು ಜಯತೀರ್ಥ. "ಮುಖ ಯಾಕ ಹಿಂಗಾಗ್ಯದ?"

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಚುಚ್ಚು ಇದ್ದಿದ್ದರೆ ಅವನು ಜಗಳ ತೆಗೆದು, ಜಗಳದ ನಡುವೆಯಾದರೂ ನಿಜ ಹೇಳಿಬಿಡುತ್ತಿದ್ದ. "ಹೊಟ್ಟಿ ಸರಿ ಇಲ್ರಿ ಸರ್. ಮನೀಗೆ ಹೋಗ್ತೀನಿ."

"ಹೋಗು, ಮಜ್ಜಿಗಿಗೆ ಇಂಗು ಹಾಕ್ಕೊಂಡು ಕುಡಿ. ಆದ್ರ ನಾಲ್ಕಕ್ಕ ಆದ್ರ ಬಾರಪಾ. ಮೇಡಂ ಏನೋ ಕಾರ್ಯಕ್ರಮ ಇಟ್ಟಾರ."

ಲಿಫ್ಟಿನಲ್ಲಿ ಇಳಿಯುವಾಗ ಅವನು ತನಗೆ ತಾನೇ ಒಂದು ಲೆಕ್ಕ ಒಪ್ಪಿಸಿಕೊಂಡ. ಬ್ಯಾಟರಿ ಇರುವುದು ಅಪ್ಪನ ಕಾರ್ಖಾನೆಯಲ್ಲಿ ಮಾತ್ರ, ಮಾಲೀಕ ಸೇಠ್ ತಾನೇ ಎಲ್ಲಿಂದಲೋ ತರಿಸಿ ಹಾಕಿಸಿದ್ದಾನೆ. ಕಂಪನಿಯ ಪ್ಯಾನೆಲ್ ಇರುವ ಉಳಿದ ನಲವತ್ತು ಕಡೆ ಕರೆಂಟು ಹೋಗುತ್ತಲೇ ಇದೆ, ಎಣಿಕೆ ಸೊನ್ನೆಗೆ ಬರುತ್ತಲೇ ಇದೆ. ತಾನೇ ಹೋಗಿ ಒಂದು ಸ್ವಿಚ್ಚು ಆರಿಸಿ ಹಾಕಿದರೆ ಮುಗಿಯಿತು. ಆಮೇಲೆ ಮೆಲ್ಲಗೆ ಹನ್ನೊಂದರ ಜಾಗದಲ್ಲಿ ಹದಿನೆಂಟು ಸಾಲು ಬರೆದು ಒಳಗೆ ತಳ್ಳಬಹುದು. ಯಾರಿಗೂ ಏನೂ ಗೊತ್ತಾಗಬೇಕಾಗಿಲ್ಲ. ಈ ಲೆಕ್ಕ ಎಷ್ಟು ಸಲೀಸಾಗಿ ಬಂತೆಂದರೆ, ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೆ ಕಾಲು ಆಗಲೇ ಗೇಟು ದಾಟಿ ಶೇರ್ ಆಟೋದ ಕಡೆ ಓಡುತ್ತಿತ್ತು. ಕೊತ್ತಗುಡದ ಬಳಿ ಕ್ಯಾಬುಗಳ ಸಾಲು ಅಲುಗಾಡದೆ ನಿಂತಿತ್ತು. ಡ್ರೈವರು ತೆಲುಗಿನಲ್ಲಿ ಸಿಗ್ನಲ್ಲನ್ನೂ ಅದನ್ನು ಹಾಕಿದವರ ತಾಯಿಯನ್ನೂ ಬೈಯುತ್ತಿದ್ದ. ಹೈಟೆಕ್ ಸಿಟಿಯ ಸ್ಟೇಷನ್ನಿಗೆ ಅವನು ಕೊನೆಯ ಫರ್ಲಾಂಗು ನಡೆದು, ಅಲ್ಲ, ಓಡಿ ಬಂದಾಗ ಎರಡೂ ಐವತ್ತು. ಎಂ.ಎಂ.ಟಿ.ಎಸ್. ಲೋಕಲ್ ರೈಲು ಹದಿನೈದು ನಿಮಿಷ ತಡವಾಗಿ ಬಂತು. ಪ್ಲಾಟ್‌ಫಾರ್ಮಿನ ಮೇಲೆ ಆ ಹದಿನೈದು ನಿಮಿಷ ಅವನು ಐದು ಸಲ ಫೋನು ಮಾಡಿದ. ಐದು ಸಲವೂ ಒಂದು ಹೆಂಗಸಿನ ದನಿ, ತೆಲುಗಿನಲ್ಲಿ, ನೀವು ಕರೆ ಮಾಡುತ್ತಿರುವವರು ಉತ್ತರಿಸುತ್ತಿಲ್ಲ ಎಂದಿತು. ಆ ದನಿಯೂ ಬೇರೆ ಯಾವ ಮಾತೂ ಬಾರದೆ ಅದೊಂದನ್ನೇ ಹೇಳುತ್ತಿದೆ ಎನ್ನಿಸಿತು.

ರೈಲಿನಲ್ಲಿ ಬಾಗಿಲ ಬಳಿ ಕಂಬಿ ಹಿಡಿದು ನಿಂತ. ಬೋರಬಂಡದ ಗುಡ್ಡ, ಬಂಡೆಗಳ ಮೇಲೆ ಒಣಹಾಕಿದ ಬಟ್ಟೆ, ಮತ್ತೆ ಬಂಡೆ. ಕಂಬಿ ಅದುರುತ್ತಿತ್ತು, ಆ ಅದುರು ಕೈಯಿಂದ ಹಲ್ಲಿಗೆ ಬರುತ್ತಿತ್ತು. ಕಿವಿಗೆ ಇಟ್ಟುಕೋ, ಅಂದಿದ್ದ ಅಪ್ಪ. ಏಳು ವರ್ಷವಿರಬೇಕು ಆಗ ಅವನಿಗೆ. ಅಪ್ಪನ ಕೈಯಲ್ಲಿ ಒಂದು ಉದ್ದ ಕಬ್ಬಿಣದ ಸರಳು, ಅದರ ಒಂದು ತುದಿ ಬಾಯ್ಲರಿನ ಪೈಪಿಗೆ, ಇನ್ನೊಂದು ತುದಿ ಕಿವಿಯ ಹಿಂದಿನ ಎಲುಬಿಗೆ. ಒಳಗೆ ನೀರು ಮಾತಾಡುವುದು ಕೇಳಿಸಿತ್ತು. ಕುದಿಯುವ ಸದ್ದಲ್ಲ, ದೂರದಲ್ಲಿ ಬಹಳ ಮಂದಿ ಒಟ್ಟಿಗೆ ಪಿಸುಗುಟ್ಟುವ ಸದ್ದು. "ಒತ್ತಡದ ಗೇಜ್ ಸುಳ್ಳು ಹೇಳಬಹುದು, ಇದು ಹೇಳೂದಿಲ್ಲ," ಅಂದಿದ್ದ ಅಪ್ಪ. ಅವನಿಗೆ ಆಗಲೂ ಹೆದರಿಕೆ. ಯಾಕೆಂದರೆ ಅದೇ ಬಾಯ್ಲರ್ ಮನೆಯ ಬಾಗಿಲಲ್ಲಿ ಸಿದ್ದರಾಮಪ್ಪ ಕಾಕಾ ಬೀಡಿ ಸೇದುತ್ತ ಕೂತಿದ್ದರು. ಪಕ್ಕದ ಮನೆಯವರು, ಅಪ್ಪನ ಜೊತೆ ಪಾಳಿ ಬದಲಿಸುವವರು. ಅವರ ಮುಖದ ಎಡ ಅರ್ಧ ಕರಗಿ ಮತ್ತೆ ಗಟ್ಟಿಯಾದ ಮೇಣದ ಹಾಗಿತ್ತು. ಯಾವನೋ ಹಿಂದಿನ ಪಾಳಿಯವನು ಒಂದು ವಾಲ್ವ್ ತಿರುಗಿಸಿ, ಯಾರಿಗೂ ಹೇಳದೆ ಮನೆಗೆ ಹೋಗಿದ್ದ, ಅಷ್ಟೇ. ಸಿದ್ದರಾಮಪ್ಪ ಕಾಕಾ ಬಂದು ಎಂದಿನಂತೆ ಪಕ್ಕದ ನಲ್ಲಿ ತೆರೆದರು, ಉಗಿ ಮುಖಕ್ಕೆ ಹೊಡೆಯಿತು. ಮಕ್ಕಳು ಅತ್ತರೆ ಅವರೇ ಬಲ ಮುಖ ತಿರುಗಿಸಿ ಕೂರುತ್ತಿದ್ದರು. ಆ ವಾಲ್ವ್ ತಿರುಗಿಸಿದವನು ಯಾರೆಂದು ಕಡೆಗೂ ತಿಳಿಯಲಿಲ್ಲ. ಚಿಕ್ಕಂದಿನಲ್ಲಿ ಶಾಂತಪ್ಪ ಹಾಸಿಗೆಯಲ್ಲಿ ಮಲಗಿ ಆ ಹೆಸರಿಲ್ಲದವನನ್ನು ಬಗೆಬಗೆಯಾಗಿ ಹೊಡೆಯುತ್ತಿದ್ದ. ಅವನಿಗೆ ಮುಖ ಬೇಕಲ್ಲ ಎಂದು ಒಂದೊಂದು ರಾತ್ರಿ ಒಂದೊಂದು ಮುಖ ಕೊಡುತ್ತಿದ್ದ. ಈಗ ರೈಲಿನ ಬಾಗಿಲ ಗಾಜಿನಲ್ಲಿ ಒಂದು ಮುಖ ಅದುರುತ್ತಿತ್ತು, ಕೊರಳಲ್ಲಿ ಕಿತ್ತಳೆ ಪಟ್ಟಿ. ತೆಗೆಯಲು ಮರೆತಿದ್ದ.

ಭರತ್‌ನಗರದಲ್ಲಿ ಇಳಿದಾಗ ಮೂರೂ ಇಪ್ಪತ್ತೈದು. ಮೆಟ್ರೋದ ಹೊಸ ಕಂಬಗಳಿಗಾಗಿ ರಸ್ತೆ ಅಗೆದು ತಗಡು ನಿಲ್ಲಿಸಿದ್ದರು; ಸುತ್ತಿಬಳಸಿ, ಚರಂಡಿ ಹಾರಿ, ಕೈಗಾರಿಕಾ ಎಸ್ಟೇಟಿನೊಳಗೆ ಬಂದ. ದೂರದಿಂದಲೇ ಕಾರ್ಖಾನೆಯ ಚಿಮಣಿ ನೋಡಿದ. ಹೊಗೆ ನೆಟ್ಟಗೆ ಏಳುತ್ತಿತ್ತು. ಗೇಟಿನಲ್ಲಿ ಹೊಸ ವಾಚ್‌ಮನ್.

"ಕೌನ್ ಹೋನಾ ಮಿಯಾಂ?" ಯಾರು ಬೇಕೆಂದು ಕೂತಲ್ಲಿಂದಲೇ ಕೇಳಿದ.

"ಬಾಯ್ಲರ್ ಅಮೃತಪ್ಪ. ನನ್ನ ಅಪ್ಪ," ಎಂದ ಇವನೂ ಹಿಂದಿಯಲ್ಲೇ.

"ನಾಲ್ಕಕ್ಕೆ ಚಾಯ್‌ಗೆ ಬರುತ್ತಾರೆ, ಆ ಬೇವಿನ ಕೆಳಗೆ. ಅಲ್ಲೇ ಕೂತಿರು." ಹಿಂದಿಯಲ್ಲಿ ಹೇಳಿ, ಬೀಡಿಯ ತುದಿಯಿಂದ ಮರದ ಕೆಳಗಿನ ಸಿಮೆಂಟು ಕಟ್ಟೆ ತೋರಿಸಿದ. ಕಟ್ಟೆಯ ಮೇಲೆ ಯಾರೋ ಒಂದು ಗೋಣಿಚೀಲ ಮಡಿಸಿ ಹಾಸಿಟ್ಟಿದ್ದರು, ಬೆನ್ನಿಗೆ ಆನಿಕೊಳ್ಳಲು ಅನುವಾಗುವ ಹಾಗೆ. ಅದು ಅಪ್ಪನದೇ ಮಡಿಕೆ, ಮೂಲೆ ಒಳಗೆ ಸೇರಿಸುವ ರೀತಿ. ಅದನ್ನು ನೋಡಿದ್ದೇ ತಡ ಶಾಂತಪ್ಪನಿಗೆ ಅಳು ಬಂತು, ಅಳುವಿನ ಜಾಗದಲ್ಲಿ ಕೂಗು ಹೊರಬಿತ್ತು. "ಒಳಗ ಬಾಯ್ಲರ್ ಒಡೀತೈತೋ ಭಾಡ್ಯಾ, ಬಿಡೋ!" ಕನ್ನಡ ತಿಳಿಯದಿದ್ದರೂ ಬಾಯ್ಲರ್ ಎಂಬ ಒಂದು ಶಬ್ದ ವಾಚ್‌ಮನ್‌ಗೆ ತಿಳಿಯಿತು. ಬೀಡಿ ಕೆಳಗೆ ಬಿತ್ತು. ಅವನು ಸರಪಳಿ ಬಿಚ್ಚಿದ್ದು ಶಾಂತಪ್ಪನನ್ನು ಒಳಗೆ ಬಿಡಲಿಕ್ಕೋ ತಾನೇ ಹೊರಗೆ ಓಡಲಿಕ್ಕೋ, ನೋಡಲು ಪುರುಸೊತ್ತಿರಲಿಲ್ಲ.

ಬಾಯ್ಲರ್ ಮನೆಯಲ್ಲಿ ಅಪ್ಪ ತೋಳಿಲ್ಲದ ಬನಿಯನ್ನಿನಲ್ಲಿ ಗೇಜಿನ ಗಾಜು ಒರೆಸುತ್ತಿದ್ದ. ಪ್ಯಾನೆಲ್ ಪೆಟ್ಟಿಗೆಯ ಹಣೆಯ ಮೇಲೆ ಇಪ್ಪತ್ತೈದು ದಿನದ ಕುಂಕುಮ ಒಣಗಿ ಕಪ್ಪಾಗಿತ್ತು. ಹಸಿರು ದೀಪ, ಅದರ ಪಕ್ಕ ಬೆಂಕಿಯ ಕೆಂಪು ದೀಪ. ಗೋಡೆಯ ಗಡಿಯಾರ ಮೂರೂ ನಲವತ್ನಾಲ್ಕು. ಅಪ್ಪ ತಿರುಗಿ ಮಗನನ್ನು ಕಂಡು ಮೊದಲು ನಕ್ಕ, ಮುಖ ನೋಡಿ ನಗು ನಿಲ್ಲಿಸಿದ. ಗದ್ದಲದಲ್ಲಿ ಕಿವಿಯ ಹತ್ತಿರ ಬಾಯಿ ತಂದು, "ಯಾಕೋ ತಮ್ಮಾ, ಅವ್ವ ಆರಾಮ ಅದಾಳ?" ಎಂದು ಕೂಗಿದ.

"ಆರಾಮ ಅದಾಳ. ಅಪ್ಪಾ, ಪ್ಯಾನೆಲ್ ಆರಸು. ಈಗ. ಒಂದ ಸಲ ಆರಿಸಿ ಹಾಕು, ಸಾಕು."

"ಏ, ಬಣ್ಣದ ತೊಟ್ಟಿ ತುಂಬೈತಿ. ನಡುವ ಉಗಿ ನಿಂತ್ರ ಇಡೀ ಥಾನ್ ಬಟ್ಟಿ ಪಟ್ಟಿ ಪಟ್ಟಿ ಆಗ್ತೈತಿ. ಐದೂವರಿಗೆ ಮುಗೀತೈತಿ, ಆಮ್ಯಾಲ ಆರಸೋಣು."

"ಐದೂವರಿ ಆಗೂದಿಲ್ಲ. ನಾಲ್ಕರೊಳಗ."

ಅಪ್ಪ ಅವನ ಮುಖವನ್ನು ಗೇಜು ನೋಡುವ ಹಾಗೆ ನೋಡಿದ. ಕಣ್ಣು ಕಿರಿದು ಮಾಡಿ, ಸ್ವಲ್ಪ ತಲೆ ವಾರೆ ಮಾಡಿ. ಕಪಾಟಿನ ಮೇಲಿಂದ ಎಣ್ಣೆಕಲೆಯ ಉದ್ದ ಬುಕ್ಕು ತೆಗೆದು, ದಾರಕ್ಕೆ ಕಟ್ಟಿದ ಪೆನ್ನಿನ ಸಮೇತ ಅವನ ಮುಂದೆ ಇಟ್ಟ. "ಬರಿ."

"ಏನ ಬರೀಲಿ? ಹೊತ್ತಿಲ್ಲ ಅಪ್ಪಾ!"

"ಬುಕ್ಕಿನಾಗ ಬರೀದ ಮೇನ್ ಸ್ವಿಚ್ಚು ಮುಟ್ಟೂದಿಲ್ಲ ನಾನು. ಸೇಠ್ ಬಂದು ನಿಂತ್ರೂ ಮುಟ್ಟಿಲ್ಲ. ನಿನಗ ಗೊತ್ತೈತಿ ಯಾಕಂತ."

ಗೊತ್ತಿತ್ತು. ಸಿದ್ದರಾಮಪ್ಪ ಕಾಕಾನ ಮುಖ ಗುಣವಾಗಿ ಅವರು ಮತ್ತೆ ಕೆಲಸಕ್ಕೆ ಬಂದ ದಿನ ಅಪ್ಪ ಈ ಬುಕ್ಕನ್ನು ತನ್ನ ದುಡ್ಡಿನಲ್ಲಿ ತಂದಿಟ್ಟಿದ್ದ. ಯಾವ ಸಾಹೇಬನೂ ಕೇಳದ ಬುಕ್ಕು. ಕನ್ನಡದಲ್ಲಿ ಬರೆದದ್ದರಿಂದ ಬಾಯ್ಲರ್ ಇನ್‌ಸ್ಪೆಕ್ಟರು ತಮ್ಮ ತೆಲುಗು ಲಿಪಿಯ ಜಾಡು ಹಿಡಿದು ತಡವರಿಸಿ ಓದಿ ನಗುತ್ತಿದ್ದರಂತೆ. ಹೊತ್ತು, ಮಾಡಿದ ಕೆಲಸ, ಕಾರಣ, ಹೆಸರು. ನಾಲ್ಕು ಗೆರೆ ಎಳೆದ ನಾಲ್ಕು ಮನೆ. ಶಾಂತಪ್ಪ ಪೆನ್ನು ಹಿಡಿದ. ಬೆವರಿಗೆ ಜಾರಿತು. ೩.೪೭. ಪ್ಯಾನೆಲ್ ಆರಿಸಿದ್ದು. ಕಾರಣದ ಮನೆಯಲ್ಲಿ, ಪ್ಯಾನೆಲ್ ದೋಷ, ಎಂದು ಬರೆದ. ಹೆಸರಿನ ಮನೆಯಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ ಬರೆದು, ಇದು ಅವನ ಪಾಳಿಯಲ್ಲವೇ ಎಂದುಕೊಂಡು, ಬುಕ್ಕು ತಳ್ಳಿದ.

ಅಪ್ಪ ಕನ್ನಡಕ ಏರಿಸಿಕೊಂಡು ಓದಿದ. ಸಾವಕಾಶವಾಗಿ, ಒಂದೊಂದೇ ಅಕ್ಷರ, ಗಡಿಯಾರದ ಕಡೆ ನೋಡದೆ. "ಏನ ದೋಷ? ಈಗಿನ ತನಕ ಚಲೋ ನಡೀತು. ತಾನ ಕೆಟ್ಟೈತೋ, ಯಾರರ ಕೆಡಿಸ್ಯಾರೋ?" ಎಂದು ಕೇಳಿದ. ಸಿಟ್ಟಿನಿಂದಲ್ಲ. ವಾಲ್ವ್ ಎಷ್ಟು ಸುತ್ತು ತಿರುಗಿಸಿದ್ದೀ ಎಂದು ಪಾಳಿಯವನನ್ನು ಕೇಳುವ ಹಾಗೆ.

ಬಾಯ್ಲರಿನ ಗದ್ದಲ ಒಂದೇ ಸಮನೆ ಇತ್ತು. ಅದರ ಹಿಂದೆ ಆ ಬಹಳ ಮಂದಿಯ ಪಿಸುಮಾತು. ಈ ಮಾತನ್ನು ಕೂಗಿಯೇ ಹೇಳಬೇಕು, ಇಲ್ಲಿ ಮೆಲ್ಲಗೆ ಹೇಳಿದ್ದು ಯಾರಿಗೂ ಕೇಳಿಸುವುದಿಲ್ಲ ಎಂಬುದು ಶಾಂತಪ್ಪನಿಗೆ ಎಲ್ಲಕ್ಕಿಂತ ಅವಮಾನವೆನ್ನಿಸಿತು. ಎಣ್ಣೆ ಡ್ರಮ್ಮು ಉರುಳಿಸುತ್ತಿದ್ದ ಇಬ್ಬರು ಆಗಲೇ ಕೈ ನಿಲ್ಲಿಸಿ ನೋಡುತ್ತಿದ್ದರು. "ನಾನ ಕೆಡಿಸೀನಿ!" ಎಂದು ಕಿರುಚಿದ. "ನಾ ಬರದದ್ದು ತಪ್ಪೈತಿ. ಒಂದು ಗುರುತು ಇತ್ತು, ನಾ ಕಿತ್ತು ಒಗದೀನಿ. ನಾಲ್ಕಕ್ಕ ಅದು ಕುರುಡ ಆಗ್ತೈತಿ, ಬೆಂಕಿ ಆರಸೂದಿಲ್ಲ!"

ಅಪ್ಪ ಒಂದು ಕ್ಷಣ ಬೇವಿನ ಮರದ ಕಡೆಯ ಬಾಗಿಲನ್ನು ನೋಡಿದ. ಅಷ್ಟೇ. ಬುಕ್ಕಿನಲ್ಲಿ ಬೆರಳಿಟ್ಟು, "ಹಂಗ ಬರಿ. ನಿನ್ನ ಹೆಸರ್ಲೇ," ಅಂದ.

ಬರೆದ. ಕಾರಣದ ಮನೆಯಲ್ಲಿ, ನಾನು ಗುರುತು ಕಿತ್ತೆಸೆದದ್ದು, ಎಂದು ಸೇರಿಸಿ, ಅಪ್ಪನ ಹೆಸರಿನ ಅಕ್ಷರದ ಮೇಲೆ ಗೆರೆ ಎಳೆದು, ತನ್ನ ಹೆಸರು ಬರೆದ. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಹೆಸರು ಬರೆದದ್ದೇ ಕಡಿಮೆ. ಒತ್ತಕ್ಷರ ಗೆರೆಯಿಂದಾಚೆ ಹೋಯಿತು. ಅಪ್ಪ ಅದನ್ನು ಓದಿ ಮುಗಿಸಿದವನೇ ಮೂವತ್ತು ವರ್ಷ ಬಾಯ್ಲರ್ ನಡೆಸಿದ ಮನುಷ್ಯನಾದ. ಒಬ್ಬನಿಗೆ ನೀರಿನ ಪಂಪಿನ ಮೇಲೆ ಕೈ ಇಡು ಎಂದ, ಇನ್ನೊಬ್ಬನನ್ನು ಬಣ್ಣದ ತೊಟ್ಟಿಯವರಿಗೆ ಹೇಳಲು ಓಡಿಸಿದ, ಬ್ಯಾಟರಿಯ ತಂತಿ ಕಿತ್ತ, ಮೇನ್ ಎಳೆದ. ಹಸಿರು ದೀಪ ಆರಿತು. ಕೆಂಪು ದೀಪ ಆರಿತು. ಬರ್ನರಿನ ಭೋರ್ಗರೆತ ನಿಂತು, ಬಾಯ್ಲರ್ ಮನೆಯಲ್ಲಿ ಶಾಂತಪ್ಪ ಹುಟ್ಟಿದಾಗಿನಿಂದ ಕೇಳದ ಒಂದು ಮೌನ ಹುಟ್ಟಿತು. ಅಪ್ಪ ಸರಳು ತೆಗೆದು ಪೈಪಿಗಿಟ್ಟು, ಕಣ್ಣು ಮುಚ್ಚಿ ಕಿವಿ ಕೊಟ್ಟ. ಆಮೇಲೆ ಕೈಯಿಂದಲೇ ಬೆಂಕಿ ಹಚ್ಚಿದ. ಹಳೆಯ ಕಾಲದ ಹಾಗೆ, ಒಮ್ಮೆ ಗೇಜಿಗೆ ಒಮ್ಮೆ ಗಾಜಿನ ನೀರಿಗೆ ಕಣ್ಣು ಹಾಯಿಸುತ್ತ.

ನಾಲ್ಕು ಗಂಟೆಯಾಯಿತು. ಒಂದು ನಿಮಿಷವೂ ಆಯಿತು. ಏನೂ ಆಗಲಿಲ್ಲ. ಶಾಂತಪ್ಪ ಗೋಡೆಗೆ ಒರಗಿದ. ಮುಗಿಯಿತು ಎಂದುಕೊಂಡ. ಚಾದ ಹುಡುಗಿ ಒಳಗೇ ತಂದಿಟ್ಟ ಎರಡು ಲೋಟಗಳಲ್ಲಿ ಒಂದನ್ನು ಅಪ್ಪ ಅವನ ಕಡೆ ಸರಿಸಿದ. ಕಣ್ಣು ಗೇಜಿನ ಮೇಲೇ ಇತ್ತು.

"ಮತ್ತ ಉಳದ ಕಡೆ?" ಅಂದ.

"ಉಳದ ಕಡೆ ಬ್ಯಾಟರಿ ಇಲ್ಲಪ್ಪಾ. ನಿಮ್ಮ ಸೇಠ್ ಒಬ್ಬಾಂವ ಹಾಕ್ಸ್ಯಾನ."

"ಸೇಠ್ ಎಲ್ಲಿ ಹಾಕಸ್ತಾನ, ಅಂವ ಹೊಸಾ ವಾಲ್ವ್ ಕೊಡ್ಸಾಂವಲ್ಲ. ನಿಮ್ಮ ಕಂಪನಿಯವರ ತಂದಿದ್ರು. ವ್ಯಾನಿನ ತುಂಬ ಬ್ಯಾಟರಿ. ಎಲ್ಲಾರಿಗೂ ಪುಕ್ಕಟೆ ಅಂದ್ರು. ಅಮಾಸಿ ದಿನ ನಮ್ಮಲ್ಲಿ ಹಾಕಿ, ಮರುದಿನ ಮುಂಜಾನೆ ಜೀಡಿಮೆಟ್ಲಕ್ಕ ಹೋಗೂದೈತಿ ಅಂತ ಆ ಹುಡುಗ ಪ್ರಸಾದ ಸೈತ ನಿಂತು ತಿನ್ನಲಿಲ್ಲ."

ಮರುದಿನ ಮುಂಜಾನೆ. ಎಷ್ಟು ಗಂಟೆಗೆ? ಎಂಟಕ್ಕೆ ಹಾಕಿದ್ದರೆ ನಾಳೆ ಬೆಳಗಿನ ಜಾವ ನಾಲ್ಕೂವರೆ. ಅದರ ಮರುದಿನ ಇನ್ನೆಲ್ಲಿ? ಬಾಲಾನಗರವೋ, ಪಟಾನ್‌ಚೆರುವೋ. ನಲವತ್ತು ಬಾಯ್ಲರ್ ಮನೆಗಳು ಅವನ ಕಣ್ಣ ಮುಂದೆ ಸಾಲಾಗಿ ನಿಂತವು. ಪ್ರತಿಯೊಂದರಲ್ಲೂ ಒಬ್ಬೊಬ್ಬ ಅಮೃತಪ್ಪ, ಪ್ರತಿಯೊಬ್ಬನೂ ನಂಬಿಕೆಯಿಂದ ಕಾಲು ಚಾಚಲು ಒಂದೊಂದು ಮರ ಹುಡುಕಿಕೊಂಡು. ಯಾರ ಹತ್ತಿರವೂ ಈ ಬುಕ್ಕಿರಲಿಲ್ಲ. ಜೇಬಿನ ಮುದ್ದೆ ಕಾಗದ ತೊಡೆಗೆ ಒತ್ತುತ್ತಿತ್ತು. ಕ್ಯಾಂಟೀನಿನಲ್ಲಿ ಬಾಯಿಬಿಡದೆ ಎರಡು ಗಂಟೆ ಹತ್ತು ನಿಮಿಷವನ್ನು ಅವನು ಅವರಿಂದ ಆಗಲೇ ಕದ್ದುಬಿಟ್ಟಿದ್ದ.

ಫೋನು ತೆಗೆದು ಜಯತೀರ್ಥರ ನಂಬರು ಒತ್ತಿದ. ಒಂದೇ ರಿಂಗಿಗೆ ಎತ್ತಿದರು. ಹಿಂದೆ ಚಪ್ಪಾಳೆ, ನಗು, ಯಾರೋ ಕುರ್ಚಿ ಎಳೆಯುವ ಸದ್ದು.

"ಎಲ್ಲಿದ್ದೀಯೋ ಮಾರಾಯಾ? ಎಲ್ಲಾರೂ ಕಾಯ್ಲಿಕ್ಕತ್ತಾರ. ಮೇಡಂ ಕೇಕ್ ತರಿಸ್ಯಾರ, ಹನ್ನೊಂದು ಗೆರಿ ಎಳದು ನಿನ್ನ ಹೆಸರು ಬರಸ್ಯಾರ. ಕತ್ತರಸ್ಲಿಕ್ಕೆ ನನ್ನ ಕೈಯಾಗ ಚಾಕು ಕೊಟ್ಟಾರ ನೋಡು, ಮಜಾ ಅಂದ್ರ! ಸ್ಪೀಕರ್ ಮ್ಯಾಲ ಹಾಕೀನಿ, ಮಾತಾಡು."

ನೀಲಿ ಪಟ್ಟಿಗಳೆಲ್ಲ ಸುಮ್ಮನಾದವು. ಅವನ ಮಾತಿಗಾಗಿ ಒಂದು ಮಹಡಿಯೇ ಕಾಯುತ್ತಿತ್ತು. ಆ ಹಳೆಯ ಸಿಟ್ಟಿಗಾಗಿ ತಡಕಾಡಿದ, ಅದು ಇರಲಿಲ್ಲ. ಅಪ್ಪ ಗೇಜಿನಿಂದ ಕಣ್ಣು ತೆಗೆಯದೆ, ಎಡಗೈಯಿಂದ ಬುಕ್ಕನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದ. ಶಾಂತಪ್ಪ ಅದರ ಮೇಲೆ ಬೆರಳಿಟ್ಟು, ಶಾಲೆಯಲ್ಲಿ ಎದ್ದು ನಿಂತು ಪಾಠ ಓದುವವನ ಹಾಗೆ, ಅಲ್ಲಿದ್ದುದನ್ನೇ ಗಟ್ಟಿಯಾಗಿ ಓದತೊಡಗಿದ. ಹೊತ್ತು ಮೂರೂ ನಲವತ್ತೇಳು. ಪ್ಯಾನೆಲ್ ಆರಿಸಿದ್ದು. ಕಾರಣ.